ದನಿ ಯಾರದು, ಹೆಸರು ಯಾರದು: ಹೆದರ್ ಸ್ಮಾಲ್ ಬಗ್ಗೆ

1989ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಪಾಪ್ ಪಟ್ಟಿಯ ಮೊದಲ ಜಾಗಕ್ಕೆ 'ರೈಡ್ ಆನ್ ಟೈಮ್' ಅನ್ನೋ ಹಾಡು ಬಂದು ಕೂತಿತು. ಆರು ವಾರ ಅಲ್ಲಿಂದ ಅಲ್ಲಾಡಲಿಲ್ಲ. ಆ ವರ್ಷ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ (ಒಂದೇ ಹಾಡಿನ ರೆಕಾರ್ಡ್) ಅದೇ. ಮಾಡಿದ್ದು ಬ್ಲ್ಯಾಕ್ ಬಾಕ್ಸ್ ಅನ್ನುವ ಇಟಲಿಯ ತಂಡ. ಟಿವಿಯಲ್ಲಿ ಮೈಕ್ ಹಿಡಿದು ನಿಲ್ಲುತ್ತಿದ್ದವರು ಕತ್ರಿನ್ ಕಿನೋಲ್ ಅನ್ನುವ ಮಾಡೆಲ್. ಅವರು ತುಟಿ ಆಡಿಸುತ್ತಿದ್ದರು, ಅಷ್ಟೇ. ದನಿ ಬೇರೆಯವರದು.

ಆ ದನಿ ಶಿಕಾಗೋದ ಗಾಯಕಿ ಲೊಲಿಯಾಟಾ ಹಾಲೊವೇ ಅವರದು. 1980ರಲ್ಲಿ ಅವರು ಸಾಲ್ಸೋಲ್ ಅನ್ನುವ ರೆಕಾರ್ಡ್ ಕಂಪೆನಿಗೆ 'ಲವ್ ಸೆನ್ಸೇಷನ್' ಅನ್ನುವ ಡಿಸ್ಕೋ ಹಾಡು ಹಾಡಿದ್ದರು. ಇಟಲಿಯವರು ಅದರಿಂದ ಅವರ ಕೂಗನ್ನು ತುಂಡು ತುಂಡಾಗಿ ಕತ್ತರಿಸಿ, ತಮ್ಮ ಪಿಯಾನೋ ಮೇಲೆ ಕೂರಿಸಿದ್ದರು. ಸ್ಯಾಂಪ್ಲಿಂಗ್ ಅಂದರೆ ಇದೇ. ಹಾಡು ಗೆದ್ದ ಮೇಲೆ ಜಗಳ ಶುರುವಾಯಿತು. ವಕೀಲರು ಬಂದರು. ಆಗ 'ರೈಡ್ ಆನ್ ಟೈಮ್' ಹೊರತಂದ ಕಂಪೆನಿಗೆ ಒಂದು ಉಪಾಯ ಬೇಕಾಯಿತು: ಹಾಲೊವೇ ಹಾಡಿದ ಭಾಗವನ್ನು ತೆಗೆದು, ಅದೇ ಧಾಟಿಯಲ್ಲಿ ಇನ್ನೊಬ್ಬರ ಕೈಲಿ ಹಾಡಿಸಿ, ಅದೇ ಜಾಗಕ್ಕೆ ಸೇರಿಸುವುದು.

ಆ ಇನ್ನೊಬ್ಬರು ಲಂಡನ್ನಿನ ಗಾಯಕಿ ಹೆದರ್ ಸ್ಮಾಲ್. ಆಗ ಅವರಿಗೆ 24 ವರ್ಷ. ಹೊರಗಿನ ಜನಕ್ಕೆ ಅವರು ಯಾರು ಅಂತ ಗೊತ್ತಿರಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಸ್ವಲ್ಪ ಹೊತ್ತು ಬೇರೆ ಯಾವ ಕೆಲಸಕ್ಕೂ ಮನಸ್ಸು ಹೋಗಲಿಲ್ಲ. ಒಂದೇ ಹಾಡಿನಲ್ಲಿ ಮೂವರು ಕಪ್ಪು ಹೆಂಗಸರು. ಒಬ್ಬರ ಮುಖ, ಒಬ್ಬರ ದನಿ, ಆ ದನಿಯ ಮೇಲೆ ಇನ್ನೊಬ್ಬರ ದನಿ. ಕವರ್ ಮೇಲೆ ಮೂವರಲ್ಲಿ ಒಬ್ಬರದೂ ಹೆಸರಿಲ್ಲ, ಇರುವುದು ಬ್ಲ್ಯಾಕ್ ಬಾಕ್ಸ್ ಅನ್ನುವ ಹೆಸರು ಮಾತ್ರ. ಹಾಡಿಗೆ ತುಟಿ ಆಡಿಸುವವರು ಬೇರೆ, ಹಾಡುವವರು ಬೇರೆ ಅನ್ನುವುದು ನಮಗೆ ಹೊಸದೇನಲ್ಲ. ಆದರೆ ರಾಜ್‌ಕುಮಾರ್ ಅವರಿಗೆ ಹಾಡುತ್ತಿರುವುದು ಪಿ.ಬಿ. ಶ್ರೀನಿವಾಸ್ ಅಂತ ಊರಿಗೆಲ್ಲ ಗೊತ್ತಿತ್ತು. ರೇಡಿಯೋದಲ್ಲಿ ಹೆಸರು ಹೇಳಿಯೇ ಹಾಡು ಹಾಕುತ್ತಿದ್ದರು. ಅಲ್ಲಿ ಆ ಮರ್ಯಾದೆ ಇರಲಿಲ್ಲ. ಬ್ಲ್ಯಾಕ್ ಬಾಕ್ಸ್‌ನ ಮುಂದಿನ ಹಲವು ಹಾಡುಗಳನ್ನು ಹಾಡಿದ ಅಮೆರಿಕದ ಮಾರ್ಥಾ ವಾಶ್ ಅವರಿಗೂ ಇದೇ ಗತಿ. ಅವರು ಕೋರ್ಟಿಗೆ ಹೋಗಬೇಕಾಯಿತು.

ಹೆದರ್ ಸ್ಮಾಲ್ ಅವರ ಕತೆಯನ್ನು ಬರೆಯುವವರು ಸಾಮಾನ್ಯವಾಗಿ ಅವರು ಮುಂದೆ ಹಾಡಿ ಹೆಸರು ಮಾಡಿದ ಎಂ ಪೀಪಲ್ ತಂಡದಿಂದ ಶುರು ಮಾಡುತ್ತಾರೆ. ನಾನು ಇಲ್ಲಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಮುಂದೆ ಅವರ ಬದುಕಿನಲ್ಲಿ ಆದದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಹಾಡಿದವರಿಗೆ ಆ ಹಾಡಿನಲ್ಲಿ ಎಷ್ಟು ಪಾಲು?

ಅವರು ಹುಟ್ಟಿದ್ದು 1965ರ ಜನವರಿಯಲ್ಲಿ, ಲಂಡನ್ನಿನಲ್ಲಿ. ಅಪ್ಪ ಅಮ್ಮ ಬಾರ್ಬಡೋಸ್‌ನಿಂದ ಬಂದವರು. ಬೆಳೆದದ್ದು ಪಶ್ಚಿಮ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ, ಸರ್ಕಾರಿ ವಸತಿ ಬಡಾವಣೆಯಲ್ಲಿ. ಈ ಜಾಗದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಕೆಲಸದವರು ಬೇಕಿದ್ದರು. ಬಸ್ಸು ಓಡಿಸೋಕೆ, ಆಸ್ಪತ್ರೆ ನಡೆಸೋಕೆ ಕೆರಿಬಿಯನ್ ದ್ವೀಪಗಳಿಂದ ಜನರನ್ನು ಕರೆಸಿಕೊಂಡರು. 1956ರಿಂದ ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆ ಬಾರ್ಬಡೋಸ್‌ನಲ್ಲೇ ನೇಮಕಾತಿ ನಡೆಸುತ್ತಿತ್ತು. ಬಂದವರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಲ್ಯಾಡ್‌ಬ್ರೋಕ್ ಗ್ರೋವ್, ನಾಟಿಂಗ್ ಹಿಲ್ ಸುತ್ತಮುತ್ತಲ ಹಳೆಯ ಮನೆಗಳಲ್ಲಿ ಕಿಕ್ಕಿರಿದು ಇರುತ್ತಿದ್ದರು. 1958ರಲ್ಲಿ ಅಲ್ಲೇ ಕಪ್ಪು ಜನರ ಮೇಲೆ ಬಿಳಿಯ ಹುಡುಗರ ಗುಂಪುಗಳು ದಾಳಿ ಮಾಡಿದವು. 1960ರ ದಶಕದಲ್ಲಿ ಅದೇ ಬೀದಿಗಳಲ್ಲಿ ನಾಟಿಂಗ್ ಹಿಲ್ ಕಾರ್ನಿವಲ್ ಶುರುವಾಯಿತು. ಹೊಡೆದಾಟ ನಡೆದ ಬೀದಿಯಲ್ಲೇ ಸ್ಟೀಲ್ ಡ್ರಮ್ ಬಾರಿಸಿಕೊಂಡು ಮೆರವಣಿಗೆ! ಹೆದರ್ ಬೆಳೆದದ್ದು ಈ ಎರಡೂ ನೆನಪುಗಳು ಹಸಿಯಾಗಿದ್ದ ಊರಿನಲ್ಲಿ.

1980ರ ದಶಕದ ಕೊನೆಯಲ್ಲಿ ಅವರು ಹಾಟ್ ಹೌಸ್ ಅನ್ನುವ ಚಿಕ್ಕ ಸೋಲ್ ತಂಡದಲ್ಲಿ ಹಾಡುತ್ತಿದ್ದರು. ಸೋಲ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ, ಭಾವ ತುಂಬಿದ ಸಂಗೀತ. 'ಡೋಂಟ್ ಕಮ್ ಟು ಸ್ಟೇ' ಅನ್ನುವ ಸಿಂಗಲ್ ಬಂತು, 'ಸೌತ್' ಅನ್ನುವ ಆಲ್ಬಂ ಬಂತು. ವಿಮರ್ಶೆ ಬರೆಯುವವರಿಗೆ ಹಿಡಿಸಿತು, ಅಂಗಡಿಯಲ್ಲಿ ಹೋಗಲಿಲ್ಲ. ಹಾಟ್ ಹೌಸ್ ಹಾಡುಗಳಲ್ಲಿ ಅವರ ದನಿ ಕೇಳಿದರೆ ಆಶ್ಚರ್ಯ ಆಗುತ್ತದೆ. ನಂತರ ಜಗತ್ತಿಗೆ ಪರಿಚಯವಾದ ಆ ಗಟ್ಟಿತನ ಆಗಲೇ ಇದೆ, ಆದರೆ ಅವಸರ ಇಲ್ಲ. ಹಾಡು ನಿಧಾನ, ಅವರೂ ನಿಧಾನ.

ಈಗ ಮ್ಯಾಂಚೆಸ್ಟರಿಗೆ ಬರೋಣ. ಅಲ್ಲಿ 1982ರಲ್ಲಿ ಹಸಿಯೆಂಡಾ ಅನ್ನುವ ಕ್ಲಬ್ ತೆರೆದಿತ್ತು. ಫ್ಯಾಕ್ಟರಿ ರೆಕಾರ್ಡ್ಸ್ ಕಂಪೆನಿ, ನ್ಯೂ ಆರ್ಡರ್ ತಂಡ ಸೇರಿ ದುಡ್ಡು ಹಾಕಿದ ಕ್ಲಬ್. ಮೊದಲ ಕೆಲವು ವರ್ಷ ಹೆಚ್ಚು ಹೊತ್ತು ಖಾಲಿ ಹೊಡೆಯುತ್ತಿತ್ತು. ಆಮೇಲೆ ಶಿಕಾಗೋದ ಹೌಸ್ ಮ್ಯೂಸಿಕ್ ಬಂತು, ಯಂತ್ರದ ಒಂದೇ ಸಮನೆಯ ತಾಳಕ್ಕೆ ಕುಣಿಸುವ ಸಂಗೀತ. ಜಾಗ ಸಾಲದಾಯಿತು. ಅಲ್ಲಿನ ಶುಕ್ರವಾರದ ರಾತ್ರಿಗಳಿಗೆ ಡಿಜೆ ಆಗಿದ್ದವರು ಮೈಕ್ ಪಿಕರಿಂಗ್. ಬ್ರಿಟನ್ನಿನಲ್ಲಿ ಹೌಸ್ ಸಂಗೀತವನ್ನು ಮೊದಲು ಹಾಕಿದವರಲ್ಲಿ ಅವರೂ ಒಬ್ಬರು. ಹ್ಯಾಪಿ ಮಂಡೇಸ್ ತಂಡವನ್ನು ಫ್ಯಾಕ್ಟರಿಗೆ ತಂದವರೂ ಅವರೇ. ನಂತರ ಡಿಕನ್‌ಸ್ಟ್ರಕ್ಷನ್ ಅನ್ನುವ, ಡ್ಯಾನ್ಸ್ ಸಂಗೀತದ ರೆಕಾರ್ಡ್ ಕಂಪೆನಿ ಸೇರಿದರು. 'ರೈಡ್ ಆನ್ ಟೈಮ್' ಅನ್ನು ಬ್ರಿಟನ್ನಿನಲ್ಲಿ ಹೊರತಂದದ್ದು ಇದೇ ಡಿಕನ್‌ಸ್ಟ್ರಕ್ಷನ್!

1990ರ ಹೊತ್ತಿಗೆ ಪಿಕರಿಂಗ್ ಮತ್ತು ಪಾಲ್ ಹರ್ಡ್ ಸೇರಿ ಒಂದು ತಂಡ ಕಟ್ಟಿದರು. ಎಂ ಪೀಪಲ್. ಎಂ ಅಂದರೆ ಮೈಕ್. ಹಾಡಿಗೊಬ್ಬ ಗಾಯಕರನ್ನು ಕರೆಸಿ ಹಾಡಿಸುವುದು ಅಂತ ಮೊದಲ ಲೆಕ್ಕಾಚಾರ. ಡ್ಯಾನ್ಸ್ ಸಂಗೀತದಲ್ಲಿ ಆಗ ನಡೆಯುತ್ತಿದ್ದದ್ದೇ ಹಾಗೆ. ಸ್ಟುಡಿಯೋಗೆ ಬರುವುದು, ಒಂದು ಮಧ್ಯಾಹ್ನ ಹಾಡುವುದು, ಗೊತ್ತು ಮಾಡಿದ ಹಣ ತಗೊಂಡು ಹೋಗುವುದು. ಹಾಡು ಆಮೇಲೆ ಏನಾಯಿತು ಅನ್ನುವುದು ಹಾಡಿದವರಿಗೆ ಸಂಬಂಧವಿಲ್ಲದ ವಿಷಯ. ಆದರೆ ಹೆದರ್ ಹಾಡಿದ ಮೇಲೆ ಬೇರೆಯವರನ್ನು ಹುಡುಕುವ ಯೋಚನೆ ಬಿಟ್ಟುಹೋಯಿತು. ಅವರೇ ತಂಡದ ದನಿಯಾದರು. ತಾಳವಾದ್ಯಕ್ಕೆ ಶೊವೆಲ್ ಅನ್ನುವವರು ಸೇರಿಕೊಂಡರು.

1991ರಲ್ಲಿ ಮೊದಲ ಆಲ್ಬಂ 'ನಾರ್ದರ್ನ್ ಸೋಲ್'. ದೊಡ್ಡ ಗೆಲುವು ಬಂದದ್ದು 1993ರ 'ಎಲಿಗೆಂಟ್ ಸ್ಲಮಿಂಗ್' ಜೊತೆ. ಅದರಲ್ಲಿರುವ 'ಮೂವಿಂಗ್ ಆನ್ ಅಪ್' ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಅಮೆರಿಕದ ಡ್ಯಾನ್ಸ್ ಕ್ಲಬ್ ಪಟ್ಟಿಯಲ್ಲಿ 1ನೇ ಸ್ಥಾನ.

ಈ ಹಾಡನ್ನು ಒಂದು ಸಲ ಹೆಡ್‌ಫೋನ್ ಹಾಕಿಕೊಂಡು, ಬೇರೇನೂ ಮಾಡದೆ ಕೇಳಿ ನೋಡಿ. ಶುರುವಿನಲ್ಲೇ ಸ್ಯಾಕ್ಸೊಫೋನ್, ಜೊತೆಗೆ ಕುಣಿಯುವ ಪಿಯಾನೋ. ಮದುವೆ ಮನೆಯ ಸಂಭ್ರಮ ಅನ್ನಿಸುತ್ತದೆ. ಆಮೇಲೆ ಹೆದರ್ ಬಾಯಿ ಬಿಡುತ್ತಾರೆ. ಹಾಡುತ್ತಿರುವುದು ಏನನ್ನ? ಮೋಸ ಮಾಡಿದ ಗಂಡಸಿಗೆ ನಿನ್ನ ಕಾಲ ಮುಗೀತು, ಗಂಟುಮೂಟೆ ಕಟ್ಟು, ಇಲ್ಲಿಂದ ನಡಿ ಅನ್ನುತ್ತಿದ್ದಾರೆ. ಅದನ್ನು ಅಳುತ್ತಾ ಹೇಳುವುದಿಲ್ಲ, ಕಿರುಚಿಯೂ ಹೇಳುವುದಿಲ್ಲ. ತಗ್ಗಿನ ಸ್ವರದಲ್ಲಿ, ಎದೆಯಿಂದ, ಪದ ಪದ ಬಿಡಿಸಿ ಹೇಳುತ್ತಾರೆ. ತೀರ್ಮಾನ ಮೊದಲೇ ಆಗಿಹೋಗಿದೆ, ಈಗ ತಿಳಿಸುತ್ತಿದ್ದಾರೆ ಅಷ್ಟೆ.

ಅವರದು ಕಾಂಟ್ರಾಲ್ಟೊ ದನಿ. ಪಾಶ್ಚಾತ್ಯ ಸಂಗೀತದಲ್ಲಿ ಹೆಣ್ಣು ದನಿಗಳಲ್ಲಿ ಅತಿ ತಗ್ಗಿನದು, ಅಪರೂಪದ್ದು. ಆ ಕಾಲದ ಕ್ಲಬ್ ಗಾಯಕಿಯರಲ್ಲಿ ಜಾಸ್ತಿ ಜನ ಮೇಲಕ್ಕೆ ಹೋಗಿ ಗೆಲ್ಲುತ್ತಿದ್ದರು. ಹಾಡು ಏರಿದ ಹಾಗೆ ಅವರೂ ಏರಿ, ತಾರದಲ್ಲಿ ಕೂಗಿ, ಕುಣಿಯುವವರ ಕೈಗಳನ್ನು ಮೇಲಕ್ಕೆತ್ತಿಸುತ್ತಿದ್ದರು. ಹೆದರ್ ಕೆಳಗೇ ನಿಂತು ಆ ಕೆಲಸ ಮಾಡುತ್ತಾರೆ. ದೊಡ್ಡ ಮಡಕೆಯ ಬಾಯಿಗೆ ಮುಖ ಇಟ್ಟು ಕೂಗಿದರೆ ಗುಂಯ್ ಅಂತ ಒಂದು ತುಂಬಿದ ಸದ್ದು ಬರುತ್ತದಲ್ಲ, ಅವರ ಸ್ವರದ ತಳದಲ್ಲಿ ಅಂಥದ್ದೊಂದು ಇದೆ. ಸಾಲಿನ ಕೊನೆಯ ಸ್ವರಕ್ಕೆ ಒಂದು ಕಂಪನ ಕೊಟ್ಟು ನಿಲ್ಲಿಸುತ್ತಾರೆ. ಆ ಕಂಪನ ಅರ್ಧ ಸೆಕೆಂಡ್ ಕೇಳಿದರೂ ಸಾಕು, ಯಾರು ಅಂತ ಹೇಳಬಹುದು.

ಇನ್ನೊಬ್ಬರ ದನಿಯ ಅಚ್ಚಿಗೆ ತಮ್ಮ ದನಿಯನ್ನು ಹೊಂದಿಸಿ, ಗುರುತೇ ಸಿಗದ ಹಾಗೆ ಹಾಡಿದ್ದವರು ಇವರೇ. ನಾಲ್ಕೇ ವರ್ಷಗಳಲ್ಲಿ ಗುರುತು ತಪ್ಪುವುದೇ ಸಾಧ್ಯವಿಲ್ಲದ ಗಾಯಕಿಯಾದರು. ನನಗೆ ಅವರ ಬದುಕಿನಲ್ಲಿ ಅತಿ ಇಷ್ಟವಾದ ತಿರುವು ಇದು.

1994ರಲ್ಲಿ 'ಎಲಿಗೆಂಟ್ ಸ್ಲಮಿಂಗ್'ಗೆ ಮರ್ಕ್ಯುರಿ ಪ್ರಶಸ್ತಿ ಬಂತು. ಬ್ರಿಟನ್ ಮತ್ತು ಐರ್ಲೆಂಡಿನ ವರ್ಷದ ಒಳ್ಳೆಯ ಆಲ್ಬಮ್ಮಿಗೆ ಕೊಡುವ ಪ್ರಶಸ್ತಿ. ಆ ವರ್ಷದ ಪಟ್ಟಿಯಲ್ಲಿ ಬ್ಲರ್ ತಂಡದ 'ಪಾರ್ಕ್‌ಲೈಫ್' ಇತ್ತು, ಪಲ್ಪ್ ಇತ್ತು, ಪ್ರಾಡಿಜಿ ಇತ್ತು, ಪಾಲ್ ವೆಲರ್ ಇದ್ದರು. ಎಂ ಪೀಪಲ್ ಗೆದ್ದದ್ದನ್ನು ಹಲವು ಸಂಗೀತ ಪತ್ರಕರ್ತರು ಇವತ್ತಿಗೂ ಕ್ಷಮಿಸಿಲ್ಲ. ಮರ್ಕ್ಯುರಿಯ ತಪ್ಪು ಆಯ್ಕೆಗಳು ಅಂತ ಯಾರಾದರೂ ಪಟ್ಟಿ ಮಾಡಿದರೆ ಇವರ ಹೆಸರು ಅದರಲ್ಲಿ ಬರುತ್ತದೆ.

ನನಗೆ ಇದು ಒಪ್ಪಿಗೆಯಿಲ್ಲ. 'ಪಾರ್ಕ್‌ಲೈಫ್' ಒಳ್ಳೆಯ ಆಲ್ಬಂ, ಅದರಲ್ಲಿ ಅನುಮಾನವಿಲ್ಲ. ಆದರೆ ಗಿಟಾರ್ ಹಿಡಿದ ಹುಡುಗರು ತಮ್ಮ ದೇಶದ ಬಗ್ಗೆ ಹಾಡಿದರೆ ಅದು ಕಲೆ, ಕುಣಿಯೋಕೆ ಅಂತ ಮಾಡಿದ್ದು ಬರೀ ಮೋಜು ಅನ್ನುವ ಲೆಕ್ಕ ಸರಿಯಾ? ಫ್ಯಾಕ್ಟರಿಗಳು ಮುಚ್ಚಿದ್ದ ಊರಿನಲ್ಲಿ, ವಾರವೆಲ್ಲ ಬೇಜಾರು ನುಂಗಿದ ಜನ ಶುಕ್ರವಾರ ರಾತ್ರಿ ಒಂದು ಕತ್ತಲ ಹಾಲ್‌ನಲ್ಲಿ ಸೇರಿ, ಎದ್ದು ನಿಂತೆ ಅಂತ ಹೇಳುವ ಹಾಡಿಗೆ ಒಟ್ಟಿಗೆ ಕುಣಿಯುತ್ತಾರೆ. ಆ ದೇಶದ ಬಗ್ಗೆ ಆ ಹಾಡೂ ಹೇಳುತ್ತದೆ. ಅದೇ ಪಟ್ಟಿಯಲ್ಲಿ ಶಾರಾ ನೆಲ್ಸನ್ ಕೂಡ ಇದ್ದರು. ಮಾಸಿವ್ ಅಟ್ಯಾಕ್ ತಂಡದ ಮೊದಲ ಆಲ್ಬಮ್ಮಿನಲ್ಲಿ ಹಾಡಿ, ಆಮೇಲೆ ತಮ್ಮದೇ ಆಲ್ಬಂ ಮಾಡಿದ್ದ ಗಾಯಕಿ. ಅದಕ್ಕೂ ಮುಂಚೆ, 1989ರ ಬೇಸಿಗೆಯಲ್ಲಿ, ಸೋಲ್ ಟು ಸೋಲ್ ತಂಡದ ಹಾಡೊಂದು ನಾಲ್ಕು ವಾರ 1ನೇ ಸ್ಥಾನದಲ್ಲಿತ್ತು. ಅದನ್ನು ಹಾಡಿದವರು ಕ್ಯಾರನ್ ವೀಲರ್. ತಂಡದ ಹೆಸರು ಎಲ್ಲರಿಗೂ ನೆನಪಿದೆ. ಹಾಡಿದವರ ಹೆಸರನ್ನು ಹುಡುಕಬೇಕು.

1994 ಮತ್ತು 1995ರಲ್ಲಿ ಬ್ರಿಟ್ ಅವಾರ್ಡ್ಸ್‌ನಲ್ಲೂ ಅತ್ಯುತ್ತಮ ಡ್ಯಾನ್ಸ್ ತಂಡ ಅಂತ ಗೆದ್ದರು. 'ಬಿಜಾರ್ ಫ್ರೂಟ್', 'ಫ್ರೆಸ್ಕೊ' ಅಂತ ಇನ್ನೆರಡು ಆಲ್ಬಂ ಬಂದವು. ನೆತ್ತಿಯ ಮೇಲೆ ಎತ್ತಿ ಕಟ್ಟಿದ ಕೂದಲು, ನೆಟ್ಟಗಿನ ನಿಲುವು, ಕ್ಯಾಮೆರಾವನ್ನು ನೇರವಾಗಿ ನೋಡುವ ಕಣ್ಣು. ಹೆದರ್ ಎಲ್ಲರಿಗೂ ಗೊತ್ತಿರುವ ಮುಖವಾದರು.

ಇಲ್ಲೊಂದು ವಿಷಯ ಇದೆ. ಆ ದೊಡ್ಡ ಹಾಡುಗಳನ್ನು ಬರೆದವರು ಅಂತ ದಾಖಲೆಯಲ್ಲಿ ಇರುವುದು ಪಿಕರಿಂಗ್ ಮತ್ತು ಹರ್ಡ್ ಹೆಸರು. ಸಂಗೀತ ವ್ಯಾಪಾರದಲ್ಲಿ ಬರೆದವರಿಗೆ ಒಂದು ಹಕ್ಕು, ರೆಕಾರ್ಡ್ ಮಾಡಿದ ಕಂಪೆನಿಗೆ ಇನ್ನೊಂದು ಹಕ್ಕು. ಜಾಹೀರಾತಿಗೋ ಸಿನಿಮಾಕ್ಕೋ ಹಾಡು ಬೇಕಾದರೆ ಈ ಇಬ್ಬರ ಜೊತೆ ಮಾತಾಡಬೇಕು. ಹಾಡಿದವರ ಪಾಲು ಅವರು ಮಾಡಿಕೊಂಡ ಒಪ್ಪಂದದಲ್ಲಿ ಏನಿದೆಯೋ ಅಷ್ಟು. ರೇಡಿಯೋದಲ್ಲಿ, ಅಂಗಡಿ ಹೋಟೆಲ್‌ಗಳಲ್ಲಿ ಹಾಡು ಹಾಕಿದಾಗ ಹಾಡಿದವರಿಗೂ, ನುಡಿಸಿದವರಿಗೂ ಪಾಲು ಸಿಗಲೇಬೇಕು ಅಂತ ಬ್ರಿಟನ್ನಿನಲ್ಲಿ ಕಾನೂನು ಬಂದದ್ದೇ 1996ರಲ್ಲಿ. ಅಷ್ಟು ತಡ! ಒಂದು ಹಾಡನ್ನು ಜನ ಗುರುತಿಸುವುದು ದನಿಯಿಂದ, ಆದರೆ ಕಾಗದದ ಮೇಲೆ ದನಿಗೆ ಕೊನೆಯ ಜಾಗ.

'ಸರ್ಚ್ ಫಾರ್ ದ ಹೀರೋ' ಹಾಡಿಗೆ ಆದದ್ದನ್ನು ನೋಡಿ. 1995ರಲ್ಲಿ ಸಿಂಗಲ್ ಆಗಿ ಬಂದು 9ನೇ ಸ್ಥಾನಕ್ಕೆ ಹೋದ ಹಾಡು. ನಿಧಾನವಾಗಿ ಶುರುವಾಗಿ, ಮೆಲ್ಲಗೆ ಚರ್ಚಿನ ಹಾಡಿನ ಎತ್ತರಕ್ಕೆ ಏರುತ್ತದೆ. ಧೈರ್ಯವನ್ನು ಹೊರಗೆ ಹುಡುಕಬೇಡ, ನಿನ್ನೊಳಗೇ ಹುಡುಕು ಅನ್ನುತ್ತದೆ. ಮರುವರ್ಷ ಪ್ಯೂಜೊ ಕಂಪೆನಿ ತನ್ನ 406 ಕಾರಿನ ಟಿವಿ ಜಾಹೀರಾತಿಗೆ ಅದನ್ನು ಬಳಸಿತು. ಜಾಹೀರಾತು ಎಷ್ಟು ಜನಪ್ರಿಯ ಆಯಿತು ಅಂದರೆ, ಒಂದು ತಲೆಮಾರಿಗೆ ಆ ಹಾಡು ಕಾರಿನ ಹಾಡಾಗಿಯೇ ಉಳಿಯಿತು. ದುಡ್ಡು ಬಂದಿರಬಹುದು, ಹಾಡು ಇನ್ನಷ್ಟು ಕಿವಿಗೆ ಬಿದ್ದಿರಬಹುದು. ಆದರೂ ಕಾರನ್ನು ಪಕ್ಕಕ್ಕಿಟ್ಟು ಕೇಳಿದರೆ ಹೆದರ್ ಹಾಡಿದ್ದರಲ್ಲಿ ಇದು ಅತಿ ಮೃದುವಾದ ಹಾಡುಗಳಲ್ಲಿ ಒಂದು. ಮೊದಲ ಚರಣದಲ್ಲಿ ಅವರು ತಮ್ಮ ಬಲವನ್ನೆಲ್ಲ ಬೇಕಂತಲೇ ತಡೆದು ಹಿಡಿಯುತ್ತಾರೆ.

2000ದಲ್ಲಿ ಮೊದಲ ಸಲ ಒಬ್ಬರೇ ಆಲ್ಬಂ ಮಾಡಿದರು. ಹೆಸರು 'ಪ್ರೌಡ್'. ಅದೇ ಹೆಸರಿನ ಹಾಡು ಬರೆದವರಲ್ಲಿ ಈ ಸಲ ಅವರ ಹೆಸರೂ ಇತ್ತು, ಪೀಟರ್ ಜಾನ್ ವೆಟೀಸ್ ಜೊತೆ. ನಿನ್ನ ಬಗ್ಗೆ ನಿನಗೇ ಹೆಮ್ಮೆ ಆಗುವ ಹಾಗೆ ಇವತ್ತು ಏನು ಮಾಡಿದೆ ಅಂತ ಕೇಳುವ ಹಾಡು. ಪಟ್ಟಿಯಲ್ಲಿ 16ನೇ ಸ್ಥಾನ. ಎಂ ಪೀಪಲ್‌ನ ದೊಡ್ಡ ಹಾಡುಗಳ ಮುಂದೆ ಇದು ಕಡಿಮೆಯೇ. ಆದರೆ ಪಟ್ಟಿಯಿಂದ ಇಳಿದ ಮೇಲೆ ಅದರ ನಿಜವಾದ ಓಟ ಶುರುವಾಯಿತು. ಅಮೆರಿಕದಲ್ಲಿ ಓಪ್ರಾ ವಿನ್‌ಫ್ರೇ ತಮ್ಮ ಟಿವಿ ಕಾರ್ಯಕ್ರಮಕ್ಕೆ ಬಳಸಿಕೊಂಡರು. 'ಕ್ವಿಯರ್ ಆಸ್ ಫೋಕ್' ಧಾರಾವಾಹಿಯಲ್ಲಿ ಬಂತು. ಸಲಿಂಗಿ ಸಮುದಾಯದವರ ಪ್ರೈಡ್ ಮೆರವಣಿಗೆಗಳು ಅದನ್ನು ತಮ್ಮದು ಮಾಡಿಕೊಂಡವು. 2012ರ ಒಲಿಂಪಿಕ್ಸ್ ತಮ್ಮ ಊರಿಗೆ ಬೇಕು ಅಂತ ಲಂಡನ್ ಪ್ರಚಾರ ಮಾಡಿದಾಗ ಇದೇ ಪ್ರಚಾರಗೀತೆ. 2005ರ ಜುಲೈ 6ರಂದು ಸಿಂಗಾಪುರದಲ್ಲಿ ಮತ ಎಣಿಸಿದಾಗ ಲಂಡನ್ ಗೆದ್ದಿತು.

ಇದೇ ಹಾಡು 'ಮಿರಾಂಡಾ' ಅನ್ನುವ ಬಿಬಿಸಿ ಹಾಸ್ಯ ಧಾರಾವಾಹಿಯಲ್ಲಿ ಸಿಕ್ಕಾಪಟ್ಟೆ ನಗು ತರಿಸಿತು. ಅಲ್ಲಿ ನಾಯಕಿಯ ಗೆಳತಿ ಹೆದರ್ ಮುಖದ ಚಿತ್ರ ಎತ್ತಿ ಹಿಡಿದು, ಅವರ ದಪ್ಪ ದನಿಯಲ್ಲಿ ಆ ಪ್ರಶ್ನೆ ಕೇಳುತ್ತಾಳೆ. ಅಣಕ ಅಂತ ನನಗೆ ಮೊದಲು ಸಿಟ್ಟು ಬಂದಿತ್ತು. ಅದು ಪ್ರೀತಿಯ ಅಣಕ ಅಂತ ಈಗ ಅನ್ನಿಸುತ್ತದೆ. ಒಂದು ಸಾಲು ಹಾಡಿದರೆ ಇಡೀ ದೇಶಕ್ಕೆ ಯಾರು ಅಂತ ಗೊತ್ತಾಗಬೇಕು, ಆಗ ಮಾತ್ರ ಅಣಕ ಕೆಲಸ ಮಾಡುತ್ತದೆ, ಅಲ್ವಾ?

ಮಧ್ಯದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 2006ರಲ್ಲಿ ಎರಡನೆಯ ಆಲ್ಬಂ 'ಕ್ಲೋಸ್ ಟು ಎ ಮಿರಾಕಲ್' ಬಂತು, ಹೆಚ್ಚು ಸದ್ದು ಮಾಡಲಿಲ್ಲ. 2008ರಲ್ಲಿ ಬಿಬಿಸಿಯ 'ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್' ಸ್ಪರ್ಧೆಯಲ್ಲಿ ಕುಣಿದರು. ಎಂ ಪೀಪಲ್ ಆಗಾಗ ಒಟ್ಟಿಗೆ ಸೇರಿ ಊರೂರು ತಿರುಗಿತು, ಆದರೆ 1997ರ 'ಫ್ರೆಸ್ಕೊ' ನಂತರ ಹೊಸ ಆಲ್ಬಂ ಮಾಡಲಿಲ್ಲ.

ಆಮೇಲೆ 2022ರ ಅಕ್ಟೋಬರ್ 5. ಬರ್ಮಿಂಗ್‌ಹ್ಯಾಮ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಸಮಾವೇಶ. ಹೊಸದಾಗಿ ಪ್ರಧಾನಿಯಾಗಿದ್ದ ಲಿಜ್ ಟ್ರಸ್ ವೇದಿಕೆಗೆ ನಡೆದು ಬಂದರು. ಹಿನ್ನೆಲೆಯಲ್ಲಿ 'ಮೂವಿಂಗ್ ಆನ್ ಅಪ್'. ಮೇಲೇಳುವುದು, ಮುಂದೆ ಹೋಗುವುದು ಅನ್ನುವ ಪಲ್ಲವಿಯನ್ನು ನೋಡಿ ಆರಿಸಿದ್ದಿರಬೇಕು. ಚರಣವನ್ನು ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ನಿನ್ನ ಕಾಲ ಮುಗೀತು, ಗಂಟುಮೂಟೆ ಕಟ್ಟು ಅನ್ನುವ ಹಾಡಿಗೆ ಪ್ರಧಾನಿ ನಡೆದು ಬಂದರು. ಪಿಕರಿಂಗ್ ಬಹಿರಂಗವಾಗಿಯೇ ಬೇಸರ ಹೇಳಿಕೊಂಡರು. ತಡೆಯುವ ದಾರಿಯೂ ಅವರಿಗೆ ಕಾಣಲಿಲ್ಲ. ಸಭಾಂಗಣಗಳಿಗೆ ಒಂದು ಲೈಸೆನ್ಸ್ ಇರುತ್ತದೆ. ಅದು ಇದ್ದರೆ ಯಾರ ಹಾಡನ್ನು ಬೇಕಾದರೂ ಹಾಕಬಹುದು, ಒಂದೊಂದಕ್ಕೂ ಅನುಮತಿ ಕೇಳಬೇಕಾಗಿಲ್ಲ. ಹದಿನೈದು ದಿನಗಳ ನಂತರ, ಅಕ್ಟೋಬರ್ 20ರಂದು, ಟ್ರಸ್ ರಾಜೀನಾಮೆ ಘೋಷಿಸಿದರು.

ಈ ಪ್ರಸಂಗದಲ್ಲಿ ಪತ್ರಿಕೆಗಳಿಗೆ ತಮಾಷೆ ಸಿಕ್ಕಿತು. ನನ್ನನ್ನು ತಟ್ಟಿದ್ದು ಬೇರೆ. ಹಾಡು ಬರೆದವರಿಗೇ ತಮ್ಮ ಹಾಡನ್ನು ತಡೆಯಲು ಆಗಲಿಲ್ಲ ಅಂದಮೇಲೆ ಹಾಡಿದವರ ಮಾತು ಎಲ್ಲಿಂದ ಬಂತು? ಹೆದರ್ ಎದೆಯಿಂದ ಬಂದ ಸ್ವರ ಆ ಸಭೆಯ ಸ್ಪೀಕರ್‌ಗಳಲ್ಲಿ ತುಂಬಿತ್ತು. ಆ ಸ್ವರ ಯಾರ ಪರ ಕೇಳಿಸಬೇಕು ಅಂತ ಹೇಳುವ ಅಧಿಕಾರ ಮಾತ್ರ ಅವರಿಗೆ ಇರಲಿಲ್ಲ. 2024ರಲ್ಲಿ ಅವರ ಮಗ ಜೇಮ್ಸ್ ಸ್ಮಾಲ್ ಎಡ್ವರ್ಡ್ಸ್ ಲೇಬರ್ ಪಕ್ಷದಿಂದ ಲಂಡನ್ ಅಸೆಂಬ್ಲಿಗೆ ಗೆದ್ದರು, ಕನ್ಸರ್ವೇಟಿವ್ ಪಕ್ಷದ ಭದ್ರ ಕ್ಷೇತ್ರ ಅನ್ನಿಸಿಕೊಂಡಿದ್ದ ವೆಸ್ಟ್ ಸೆಂಟ್ರಲ್‌ನಿಂದ.

ಹೆದರ್ ಅವರನ್ನು ಹೊಸದಾಗಿ ಕೇಳಬೇಕು ಅನ್ನುವವರಿಗೆ ನನ್ನ ಸಲಹೆ: ದೊಡ್ಡ ಹಾಡುಗಳನ್ನು ಆಮೇಲೆ ಇಟ್ಟುಕೊಳ್ಳಿ. ಮೊದಲು ಎಂ ಪೀಪಲ್‌ನ 'ಡೋಂಟ್ ಲುಕ್ ಎನಿ ಫರ್ದರ್' ಕೇಳಿ. 1984ರಲ್ಲಿ ಡೆನಿಸ್ ಎಡ್ವರ್ಡ್ಸ್ ಮತ್ತು ಸಿಡಾ ಗ್ಯಾರೆಟ್ ಜೋಡಿಯಾಗಿ ಹಾಡಿದ್ದದ್ದು. ಮೂಲದಲ್ಲಿ ಗಂಡು ಹೆಣ್ಣು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು. ಹೆದರ್ ಹಾಡಿದಾಗಲೂ ಏನೋ ಕಡಿಮೆಯಾಯಿತು ಅನ್ನಿಸುವುದೇ ಇಲ್ಲ. ನಂತರ ಹಾಟ್ ಹೌಸ್‌ನ 'ಡೋಂಟ್ ಕಮ್ ಟು ಸ್ಟೇ' ಹುಡುಕಿ. ಅದಾದ ಮೇಲೆ 'ರೈಡ್ ಆನ್ ಟೈಮ್' ಹಾಕಿ. ಇಂಟರ್ನೆಟ್ಟಿನಲ್ಲಿ ಎರಡೂ ರೂಪಗಳು ಓಡಾಡುತ್ತಿವೆ, ಹಾಲೊವೇ ದನಿ ಇರುವುದು, ಹೆದರ್ ದನಿ ಇರುವುದು. ಮೇಲಿನ ಎರಡು ಹಾಡುಗಳನ್ನು ಕೇಳಿ ಕಿವಿ ಪಳಗಿದ್ದರೆ ಯಾವುದು ಯಾರದು ಅಂತ ಹೇಳಬಲ್ಲಿರಿ. ಹಾಲೊವೇ ಅವರು 2011ರಲ್ಲಿ ತೀರಿಕೊಂಡರು. ಅವರ 'ಲವ್ ಸೆನ್ಸೇಷನ್' ಅನ್ನೂ ಪೂರ್ತಿ ಕೇಳಿ, ಅವರ ಹೆಸರು ಹೇಳಿಯೇ ಬೇರೆಯವರಿಗೂ ಕಳಿಸಿ.